ಮುದ್ದೆಗೆ ಮೊಬೈಲ್ ಲೆಕ್ಕ



ಉತ್ತರಹಳ್ಳಿಯ ಸಂಘದ ಸಭೆಯಲ್ಲಿ ಸಕ್ಕರೆ ಕಾಯಿಲೆಯ ಅಕ್ಕ ಒಬ್ಬರು ಮೊಬೈಲ್ ತೋರಿಸಿದರು. ಆ್ಯಪ್‌ನಲ್ಲಿ 100 ಗ್ರಾಂ ಮುದ್ದೆಗೆ 320 ಕ್ಯಾಲೊರಿ! ಅವರ ಮುದ್ದೆ 200 ಗ್ರಾಂ, ಅಂದರೆ 640. ಹೆದರಿ ಮಧ್ಯಾಹ್ನದ ಮುದ್ದೆಯನ್ನೇ ಬಿಟ್ಟಿದ್ದರು, ಮಾತ್ರೆ ಮಾತ್ರ ನುಂಗುತ್ತಿದ್ದರು. ಹಾಗೆ ಮಾಡಿದರೆ ಕೆಲವು ಮಾತ್ರೆಗಳಿಂದ ಸಕ್ಕರೆ ತೀರಾ ಇಳಿದು ತಲೆಸುತ್ತು ಬರುತ್ತೆ. ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ಸುಮಾರು 320 ಇರುವುದು ಒಣ ರಾಗಿಗೆ. ಮುದ್ದೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಎಷ್ಟೋ ಆ್ಯಪ್‌ಗಳಲ್ಲಿ ಬಳಸುವವರೇ ಅಂಕಿ ತುಂಬುತ್ತಾರೆ, ಹಿಟ್ಟೋ ಬೆಂದದ್ದೋ ಅಂತ ನೋಡುವವರಿಲ್ಲ.

ಇನ್ನೊಂದು ಪರೀಕ್ಷೆ: ಪ್ರೋಟೀನ್, ಕಾರ್ಬೋಹೈಡ್ರೇಟ್ ಗ್ರಾಂಗೆ 4, ಕೊಬ್ಬು ಗ್ರಾಂಗೆ 9 ಕ್ಯಾಲೊರಿ. ಸಂಘದ ಲೆಕ್ಕ ತಾಳೆ ನೋಡುವ ಹಾಗೇ ಕೂಡಿ ನೋಡಿ. ಮೊತ್ತ ತೀರಾ ಬೇರೆ ಬಂದರೆ ಆ ಅಂಕಿ ನಂಬಬೇಡಿ.

ಅಕ್ಕನ ಮುದ್ದೆಗೆ ಹಿಡಿದ ಹಿಟ್ಟನ್ನು ತೂಗಿಸಿದೆವು. 70 ಗ್ರಾಂ, ಅಂದರೆ ಸುಮಾರು 225 ಕ್ಯಾಲೊರಿ.