ಡಿವೋರ್ಸ್ ರೇಟ್ ಅಂದ್ರೆ ಯಾರನ್ನ ಎಣಿಸಿದ್ದು?

ಮನೆಯಲ್ಲಿ ಹೆಣ್ಣು ನೋಡೋ ಮಾತು ಶುರುವಾದ್ರೆ ಸಾಕು, ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂದೇ ಬರುತ್ತೆ: "ಈಗಿನ ಹುಡುಗೋರ ಲಗ್ನ ಅರ್ಧಕ್ಕರ್ಧ ಮುರೀತಾವ." ಚಿಕ್ಕೋಡಿ ಇರಲಿ, ಅಥಣಿ ಇರಲಿ, ಮಾತು ಅದೇ.

2011ರ ಜನಗಣತಿ ನೋಡಿ. ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ. ಮದುವೆಯಾದವರ ಲೆಕ್ಕದಲ್ಲಿ 0.24%, ಅಂದ್ರೆ ಸಾವಿರಕ್ಕೆ ಇಬ್ಬರು ಮೂವರು. ಅದ್ರಲ್ಲೂ ಡಿವೋರ್ಸ್ ಆಗಿ ಮತ್ತೆ ಮದುವೆಯಾದವರು 'ವಿವಾಹಿತರು' ಕಾಲಂಗೇ ಹೋಗ್ತಾರೆ. ಹಾಗಂತ ನಮ್ಮ ಸಂಸಾರಗಳೆಲ್ಲ ಗಟ್ಟಿ ಅಂತ ಬೀಗೋ ಹಾಗೂ ಇಲ್ಲ. ಡಿವೋರ್ಸ್ ಇಲ್ಲದೆ ಬೇರೆಯಾಗಿ ಬದುಕ್ತಿದ್ದವರು ಅದೇ ಗಣತಿಯಲ್ಲಿ ಸುಮಾರು 35 ಲಕ್ಷ!

ಹಾಗಾದ್ರೆ ಆ 'ಅರ್ಧ' ಎಲ್ಲಿಂದ ಬಂತು? ಅದು ಹೆಚ್ಚಾಗಿ ಅಮೆರಿಕದ ಹಳೇ ಲೆಕ್ಕ. ಒಂದು ವರ್ಷದ ಡಿವೋರ್ಸ್‌ಗಳನ್ನ ಅದೇ ವರ್ಷದ ಮದುವೆಗಳಿಗೆ ಹೋಲಿಸೋದು. ಒಂದು ಊರಲ್ಲಿ 100 ಮದುವೆ, 10 ಡಿವೋರ್ಸ್ ಅಂದುಕೊಳ್ಳಿ: 10%. ಮರುವರ್ಷ ಮಳೆ ಕೈಕೊಟ್ಟು, ಕಬ್ಬಿನ ಬಿಲ್ ತಡವಾಗಿ ಮದುವೆ 50ಕ್ಕೆ ಇಳಿದ್ರೆ ಅದೇ 10 ಡಿವೋರ್ಸ್ 20% ಆಗುತ್ತೆ. ಯಾರ ಮನೆಯಲ್ಲೂ ಒಂದು ಜಗಳ ಹೆಚ್ಚಾಗಿಲ್ಲ.

ನಮ್ಮ ಗಡಿ ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕು. ನಿಪ್ಪಾಣಿ ಹುಡುಗಿಯನ್ನ ಕೊಲ್ಲಾಪುರಕ್ಕೆ, ಕಾಗವಾಡದವಳನ್ನ ಮಿರಜಿಗೆ ಕೊಡೋದು ಇಲ್ಲಿ ಮಾಮೂಲು. ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆ ನಡೆದ ಊರು, ಕೊನೆಗೆ ಕೂಡಿ ಬಾಳಿದ ಊರು, ಎದುರುದಾರರು ಇರೋ ಊರು, ಎಲ್ಲಾದ್ರೂ ಅರ್ಜಿ ಹಾಕಬಹುದು. ಹೆಂಡತಿ ಹಾಕೋದಾದ್ರೆ ತಾನಿರೋ ಊರಲ್ಲೂ ಆಗುತ್ತೆ. ಹೀಗಾಗಿ ಇಲ್ಲಿ ಮುರಿದ ಮದುವೆ ಮಹಾರಾಷ್ಟ್ರದ ಲೆಕ್ಕಕ್ಕೆ ಸೇರಬಹುದು, ಅಲ್ಲಿಯದು ಇಲ್ಲಿಗೆ. 'ತಾಲ್ಲೂಕಿನಲ್ಲಿ ಇಷ್ಟು ಕೇಸ್' ಅನ್ನೋ ಸುದ್ದಿ ಓದುವಾಗ ಇದು ನೆನಪಿರಲಿ. ಕೇಸ್ ಹಾಕಿದ್ದು ಬೇರೆ, ಡಿವೋರ್ಸ್ ಸಿಕ್ಕಿದ್ದು ಬೇರೆ. ಜೀವನಾಂಶದ ಅರ್ಜಿಗಳನ್ನೂ ಒಟ್ಟಿಗೆ ಎಣಿಸಿರಬಹುದು.

ಕೋರ್ಟ್ ಮೆಟ್ಟಿಲೇ ಹತ್ತದವರ ಕಥೆ ಏನು? ಹಿರಿಯರು ಕೂತು, ಬಾಂಡ್ ಪೇಪರ್ ಮೇಲೆ 'ಸೋಡಚೀಟಿ' ಬರೆಸಿ ಮುಗಿಸಿದ್ದು ಯಾವ ಅಂಕಿಗೂ ಸಿಗಲ್ಲ. ರೂಢಿಯ ವಿಚ್ಛೇದನಕ್ಕೆ ಕಾಯ್ದೆಯ 29(2)ನೇ ಕಲಂ ಜಾಗ ಕೊಟ್ಟಿದೆ ನಿಜ. ಆದ್ರೆ ತಮ್ಮ ಸಮಾಜದಲ್ಲಿ ಆ ರೂಢಿ ಇದೆ ಅಂತ ಸಾಬೀತು ಮಾಡಬೇಕು. ಆಗದಿದ್ರೆ ಎರಡನೇ ಮದುವೆಯೇ ಅಸಿಂಧು. ಆ ಕಾಗದ ಹಿಡಿದು ಮತ್ತೆ ಮದುವೆಗೆ ಹೊರಟ ರಾಯಬಾಗದ ಹೆಣ್ಣುಮಗಳಿಗೆ ಯಾವ ಪರ್ಸೆಂಟೇಜಿಗಿಂತಲೂ ದೊಡ್ಡ ಪ್ರಶ್ನೆ ಇದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ.

2027ರ ಜನಗಣತಿಗೆ ಮನೆಗೆ ಬರೋರು ವೈವಾಹಿಕ ಸ್ಥಿತಿ ಕೇಳ್ತಾರೆ. ಹತ್ತು ವರ್ಷದಿಂದ ತವರಲ್ಲೇ ಇರೋ ಅಕ್ಕನ ಬಗ್ಗೆ ಅಣ್ಣ ಬಾಗಿಲಲ್ಲೇ ನಿಂತು "ಲಗ್ನ ಆಗೇತ್ರಿ" ಅಂದುಬಿಟ್ರೆ ಅಷ್ಟೇ ದಾಖಲಾಗುತ್ತೆ. ಉತ್ತರ ಅಕ್ಕನೇ ಹೇಳಲಿ.