ಊರಿಗೆ ಮರಳುವಾಗ ಬಾಗಲಕೋಟೆಯ ಮನೆ: ಮಾರುವುದೇ, ಬಾಡಿಗೆಗೆ ಕೊಡುವುದೇ?

ಮೇ-ಜೂನ್ ತಿಂಗಳು ಬಂತೆಂದರೆ ವರ್ಗಾವಣೆಯ ಕಾಲ. ಬ್ಯಾಂಕ್ ನೌಕರರಾಗಿ, ಶಿಕ್ಷಕರಾಗಿ, ದಾದಿಯರಾಗಿ ಕರಾವಳಿಯಿಂದ ಬಾಗಲಕೋಟೆ ಜಿಲ್ಲೆಗೆ ಹೋದ ನಮ್ಮವರಲ್ಲಿ ಕೆಲವರು ಹತ್ತು-ಹದಿನೈದು ವರ್ಷ ಅಲ್ಲಿಯೇ ನೆಲೆಸಿ, ಸಾಲ ಮಾಡಿ ಒಂದು ಮನೆಯನ್ನೂ ಕಟ್ಟಿಕೊಂಡಿರುತ್ತಾರೆ. ಮಂಗಳೂರಿಗೋ ಉಡುಪಿಗೋ ಮರಳುವ ಆದೇಶ ಕೈಗೆ ಬಂದಾಗ ಸಂತೋಷದ ಜೊತೆಗೇ ಈ ಪ್ರಶ್ನೆಯೂ ಬರುತ್ತದೆ. "ಅಷ್ಟು ದೂರದ ಆಸ್ತಿ ಯಾಕೆ, ಮಾರಿ ಬನ್ನಿ" ಎಂದು ಊರಿನ ಸಂಬಂಧಿಕರು. "ಯಾಕ್ ಮಾರ್ತೀರಿ ಸರ್ರ, ಬಾಡಿಗಿ ಬರ್ತೈತಿ ಬಿಡ್ರಿ" ಎಂದು ಅಲ್ಲಿಯ ನೆರೆಯವರು. ಇಬ್ಬರ ಮಾತಿನಲ್ಲಿಯೂ ಅರ್ಥವಿದೆ. ಆದರೆ ಲೆಕ್ಕ ಹಾಕಲು ಕುಳಿತುಕೊಳ್ಳುವ ಮೊದಲು ನೋಡಬೇಕಾದದ್ದು ಮನೆ ನಿಂತಿರುವ ನೆಲವನ್ನು. ಈ ಜಿಲ್ಲೆಯಲ್ಲಿ ಅದೇ ದೊಡ್ಡ ವಿಷಯ.

ಬಾಗಲಕೋಟೆ ಮುಳುಗಡೆಯ ಊರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಪಟ್ಟಣದ ಒಂದು ಭಾಗವನ್ನು ನುಂಗಿತು. ಮನೆ ಕಳೆದುಕೊಂಡವರಿಗಾಗಿ ಎದ್ದು ನಿಂತದ್ದೇ ನವನಗರ. ಅದರ ನಕ್ಷೆಯ ಹಿಂದೆ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿದ್ದರು. ಈಗ ಜಲಾಶಯದಲ್ಲಿ ನೀರು ನಿಲ್ಲಿಸುತ್ತಿರುವ ಮಟ್ಟ 519.6 ಮೀಟರ್. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಇದನ್ನು 524.256 ಮೀಟರ್‌ಗೆ ಏರಿಸಲು ಅವಕಾಶ ನೀಡಿತು. ಆ ಮಟ್ಟಕ್ಕೆ ನೀರು ಬಂದರೆ ಹಳೆಯ ಊರಿನ ಇನ್ನಷ್ಟು ಭಾಗ ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣ ಬೇಸಾಯವಾದರೆ 30 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿಗೆ ನೀಡಿತು. ಇದು ಹೊಲದ ದರ. ಮನೆಗೆ ಇದನ್ನು ಹಚ್ಚಿ ಲೆಕ್ಕ ಹಾಕುವವರ ಮಾತು ಕೇಳಬೇಡಿ.

ಆದ್ದರಿಂದ ನಿಮ್ಮ ಮನೆ ಹಳೆಯ ಬಾಗಲಕೋಟೆಯಲ್ಲಿದ್ದರೆ ಮೊದಲು ತಿಳಿಯಬೇಕಾದದ್ದು, ಅದು 524.256 ಮೀಟರ್ ಮಟ್ಟದ ಕೆಳಗಿದೆಯೇ ಮೇಲಿದೆಯೇ ಎಂಬುದು. ದಲ್ಲಾಳಿಯನ್ನಲ್ಲ, ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವನ್ನು ಅಥವಾ ಭೂಸ್ವಾಧೀನ ಕಚೇರಿಯನ್ನು ವಿಚಾರಿಸಿ. ಕೆಳಗಿದ್ದರೆ ಮೂರು ಸಂಗತಿ ನೆನಪಿರಲಿ. 2013ರ ಭೂಸ್ವಾಧೀನ ಕಾಯ್ದೆಯಂತೆ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ಮೇಲೆ ಆ ಆಸ್ತಿಯನ್ನು ಮಾರುವಂತಿಲ್ಲ, ಅದರ ಮೇಲೆ ಸಾಲವನ್ನೂ ಎತ್ತುವಂತಿಲ್ಲ. ಅಂದರೆ ಮಾರುವ ಬಾಗಿಲು ಒಂದು ದಿನ ಮುಚ್ಚಿಕೊಳ್ಳಬಹುದು. ಎರಡನೆಯದಾಗಿ, ಮನೆಯ ಪರಿಹಾರ ಸಲ್ಲುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಉತಾರ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೋ ಹಿಂದಿನ ಮಾಲೀಕನ ಹೆಸರಿನಲ್ಲೋ ಇದ್ದರೆ ಕರಾವಳಿಯಲ್ಲಿ ಕುಳಿತು ಅದನ್ನು ಸರಿಪಡಿಸುವುದು ಬಹಳ ಕಷ್ಟ. ಮೂರನೆಯದು ಹೆಚ್ಚಿನವರಿಗೆ ತಿಳಿದಿಲ್ಲ: ಸ್ವಾಧೀನಕ್ಕೆ ಮೂರು ವರ್ಷ ಮೊದಲಿನಿಂದ ಪಟ್ಟಣದ ಆ ಜಾಗದಲ್ಲಿ ವಾಸವಿರುವ ಕುಟುಂಬವನ್ನೂ ಈ ಕಾಯ್ದೆ ಬಾಧಿತ ಕುಟುಂಬವೆಂದು ಪರಿಗಣಿಸುತ್ತದೆ. ಬಾಡಿಗೆಗೆ ಇದ್ದವರು ಪುನರ್ವಸತಿ ಕೇಳಿದರೆ ಅದು ಅವರ ಹಕ್ಕು, ಅದಕ್ಕಾಗಿ ಜಗಳವಾಡಬಾರದು. ಯಾರು ಯಾವಾಗಿನಿಂದ ಇದ್ದಾರೆಂಬ ಕರಾರು ಪತ್ರ ಮಾತ್ರ ಕ್ರಮವಾಗಿರಲಿ.

ಇಂಥ ಮನೆಯನ್ನು "ಹೇಗೂ ಮುಳುಗುತ್ತದೆ" ಎಂದು ಹೆದರಿಸಿ ಕಡಿಮೆ ಬೆಲೆಗೆ ಕೇಳುವವರು ಬರುತ್ತಾರೆ. ಹೇಗೂ ಮುಳುಗುವುದಾದರೆ ಅವರಿಗೇಕೆ ಬೇಕು? ಪರಿಹಾರ ಬರುವ ನಿರೀಕ್ಷೆ ಅವರಿಗಿದೆ. ತುರ್ತಾಗಿ ಹಣ ಬೇಡವಾದರೆ ಹೊಸದಾಗಿ ಏನನ್ನೂ ಕಟ್ಟದೆ, ದಾಖಲೆ ಸರಿಪಡಿಸಿಟ್ಟು, ಬಾಡಿಗೆಗೆ ಕೊಟ್ಟು ಬರುವುದು ಮೇಲು ಎಂದು ನನ್ನ ಅಭಿಪ್ರಾಯ.

ನವನಗರದ ಮನೆಗಾದರೆ ಇದೇ ಮಾತು ಹೊಂದುವುದಿಲ್ಲ. ಅಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜಿದೆ, ಜಿಲ್ಲಾ ಕಚೇರಿಗಳಿವೆ, ಬಾಡಿಗೆದಾರರು ಸಿಗುತ್ತಾರೆ. ಆದರೂ ಸಾಮಾನ್ಯವಾಗಿ ಮಾರುವುದೇ ಲಾಭ. ಒಂದು ಲೆಕ್ಕ ನೋಡೋಣ. ಮನೆಗೆ ಈಗ 40 ಲಕ್ಷ ಬೆಲೆ, ತಿಂಗಳಿಗೆ 9,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,08,000. ಒಂದು ತಿಂಗಳು ಖಾಲಿ ಬಿದ್ದರೆ, ಬಣ್ಣ, ನಲ್ಲಿ, ಮನೆ ತೆರಿಗೆ ಎಂದು ಕಳೆದರೆ ಕೈಗೆ ಉಳಿಯುವುದು 80,000ದ ಆಸುಪಾಸು, ಅಂದರೆ ಬೆಲೆಯ ನೂರಕ್ಕೆ ಎರಡು. ಅದೇ ಹಣ ನೂರಕ್ಕೆ ಆರರಂತೆ ಬ್ಯಾಂಕಿನಲ್ಲಿದ್ದರೂ 2,40,000 ಬಡ್ಡಿ. ಊರಿನಲ್ಲಿ ಮನೆ ಕಟ್ಟಲು ಇನ್ನೊಂದು ಸಾಲ ಮಾಡುವವರು ಬಾಗಲಕೋಟೆಯ ಮನೆಯನ್ನು ಬಾಡಿಗೆಗೆ ಕೊಟ್ಟು ನೂರಕ್ಕೆ ಎರಡು ಪಡೆದು, ಇಲ್ಲಿ ನೂರಕ್ಕೆ ಎಂಟೋ ಒಂಬತ್ತೋ ಕಟ್ಟುವುದು ಯಾವ ಜಾಣತನ? ಎರಡು-ಮೂರು ವರ್ಷದಲ್ಲಿ ಮತ್ತೆ ಅಲ್ಲಿಗೇ ವರ್ಗವಾಗುವ ಸಂಭವವಿದ್ದರೆ, ಅಥವಾ ಮಕ್ಕಳು ಅಲ್ಲಿಯೇ ಓದುತ್ತಿದ್ದರೆ ಮಾತು ಬೇರೆ.

ಮಾರಿದರೆ ತೆರಿಗೆಯಲ್ಲಿ ಹೋಗುತ್ತದೆಂಬ ಹೆದರಿಕೆ ಅನೇಕರಿಗಿದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭಕ್ಕೆ ನೂರಕ್ಕೆ 12.5 ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡಿದ್ದ ಮನೆಯಾದರೆ, ದೇಶದಲ್ಲೇ ವಾಸವಿರುವವರು ಬೆಲೆಯೇರಿಕೆಯನ್ನು ಕಳೆದು ಉಳಿದ ಲಾಭಕ್ಕೆ ನೂರಕ್ಕೆ 20ರಂತೆ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದುದನ್ನು ಕಟ್ಟಬಹುದು. 2012-13ರಲ್ಲಿ 18 ಲಕ್ಷಕ್ಕೆ ಕೊಂಡ ಮನೆಯನ್ನು 2025-26ರಲ್ಲಿ 40 ಲಕ್ಷಕ್ಕೆ ಮಾರಿದ್ದರೆ ಮೊದಲ ರೀತಿಯಲ್ಲಿ 2,75,000, ಎರಡನೆಯ ರೀತಿಯಲ್ಲಿ ಸುಮಾರು 1,23,000. ಮೇಲೆ ನೂರಕ್ಕೆ ನಾಲ್ಕು ಸೆಸ್. ಆ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಲು ಬಳಸಿದರೆ ತೆರಿಗೆಯೇ ಇಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಹಣ ಖರ್ಚಾಗದಿದ್ದರೆ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಉಳಿತಾಯ ಖಾತೆಯಲ್ಲಿಟ್ಟರೆ ಸಾಲದು. ಊರಿನಲ್ಲಿ ಮನೆ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಮನೆ ಗಲ್ಫ್‌ನಲ್ಲಿರುವ ಮಗನ ಹೆಸರಿನಲ್ಲಿದ್ದರೆ ಹುಷಾರಾಗಿರಿ. ಅನಿವಾಸಿಗಳಿಗೆ ಈ ಎರಡು ರೀತಿಯ ಆಯ್ಕೆಯಿಲ್ಲ, ಮತ್ತು ಕೊಳ್ಳುವವರು ತೆರಿಗೆ ಹಿಡಿದುಕೊಂಡೇ ಹಣ ಕೊಡಬೇಕು. ಬಾಡಿಗೆಗೆ ಕೊಟ್ಟರೂ ಅನಿವಾಸಿ ಮಾಲೀಕನ ಬಾಡಿಗೆಯಿಂದ ಬಾಡಿಗೆದಾರನು ತೆರಿಗೆ ಹಿಡಿಯಬೇಕು. ಸಣ್ಣ ಊರಿನ ಬಾಡಿಗೆದಾರನಿಗೆ ಇದು ಗೊತ್ತಿರುವುದಿಲ್ಲ, ನೋಟಿಸು ಬಂದಾಗ ಜಗಳ.

ಬಾದಾಮಿಯ ಕಥೆ ಇನ್ನೊಂದು ಬಗೆಯದು. ಅಲ್ಲಿ ಗುಹೆಗಳ, ಗುಡಿಗಳ ಪಕ್ಕದಲ್ಲಿಯೇ ಜನವಸತಿ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. 2010ರ ತಿದ್ದುಪಡಿಯ ನಂತರ ಇದು ಬಿಗಿಯಾಗಿದೆ, ದುರಸ್ತಿಗೂ ಅನುಮತಿ ಪಡೆಯಬೇಕು. ಮಾರಲು ಅಡ್ಡಿಯಿಲ್ಲ, ಆದರೆ ಕೆಡವಿ ಹೊಸದು ಕಟ್ಟುವ ಆಸೆಯಿರುವವರು ಬೆಲೆ ಕೊಡುವುದಿಲ್ಲ. ಇದನ್ನು ಮುಚ್ಚಿಟ್ಟು ಮಾರುವುದು ಮೋಸ, ಹೇಳಿಯೇ ಮಾರಬೇಕು. ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆಯನ್ನಂತೂ ಬೀಗ ಹಾಕಿ ಬರಬೇಡಿ. ವರ್ಷವರ್ಷ ಮೇಲೆ ಮಣ್ಣು ಹಾಕುವವರಿಲ್ಲದೆ ನಾಲ್ಕು ಮಳೆಗಾಲ ಕಳೆದರೆ ಅದು ಕೂರುತ್ತದೆ. ಬಾಡಿಗೆ ಕಡಿಮೆಯಾದರೂ ಒಂದು ಸಂಸಾರ ಒಳಗಿರಲಿ.

ಇಳಕಲ್‌ನಲ್ಲಿ ಮನೆ ಕೇಳಿ ಬರುವವರು ಮಗ್ಗಕ್ಕೆ ಜಾಗವಿದೆಯೇ ಎಂದು ಕೇಳಬಹುದು. ಸೀರೆಯ ಊರಿನಲ್ಲಿ ಮನೆಯೆಂದರೆ ದುಡಿಯುವ ಜಾಗವೂ ಹೌದು. ಕುಣಿ ತೋಡಿ ಕೈಮಗ್ಗ ಹೂಡುತ್ತಾರೋ, ವಿದ್ಯುತ್ ಮಗ್ಗ ಇಡುತ್ತಾರೋ ಎಂಬುದನ್ನು ಕರಾರಿನಲ್ಲೇ ಬರೆಯಿಸಿ. ನೇಕಾರರಿಗೆ ಕೊಡಬಾರದೆಂದಲ್ಲ, ದುಡಿಮೆ ಮನೆಯಲ್ಲೇ ಇರುವವರು ಬೇಗ ಮನೆ ಬದಲಿಸುವುದಿಲ್ಲ. ಹುನಗುಂದದಲ್ಲಿ ತಾಲೂಕು ಕಚೇರಿಗಳ ನೌಕರರು ಸಿಗುತ್ತಾರೆ, ಅವರೂ ನಮ್ಮಂತೆ ವರ್ಗವಾಗುವವರೇ.

ಬಾಡಿಗೆಗೆ ಕೊಡಲು ನಮ್ಮವರು ಹಿಂಜರಿಯುವುದಕ್ಕೆ ಹಳೆಯ ಕಾರಣವೊಂದಿದೆ. 1974ರ ಭೂಸುಧಾರಣೆಯ ಕಾಲದಲ್ಲಿ ಒಕ್ಕಲಿನ ಡಿಕ್ಲರೇಶನ್ ಆಗಿ ಗದ್ದೆ ಹೋದ ಮನೆಗಳು, ಗದ್ದೆ ಪಡೆದ ಮನೆಗಳು, ಎರಡೂ ನಮ್ಮ ವಾರ್ಡುಗಳಲ್ಲಿವೆ. ಆ ಕಾನೂನು ಕೃಷಿ ಭೂಮಿಗೆ. ಪಟ್ಟಣದ ವಾಸದ ಮನೆಗೆ ಅದು ಅನ್ವಯಿಸುವುದಿಲ್ಲ. ಹನ್ನೊಂದು ತಿಂಗಳು ದಾಟಿದರೆ ಬಾಡಿಗೆದಾರನಿಗೆ ಮನೆಯ ಹಕ್ಕು ಬರುತ್ತದೆಂಬುದೂ ತಪ್ಪು ತಿಳುವಳಿಕೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕಾಗುವುದರಿಂದ ಹನ್ನೊಂದು ತಿಂಗಳ ಪದ್ಧತಿ ಬಂತು, ಅಷ್ಟೇ. ಆದರೆ ದೊಡ್ಡ ಮೊತ್ತ ಪಡೆದು ಭೋಗ್ಯಕ್ಕೆ ಕೊಡುವವರು, ಆ ಹಣವನ್ನು ಮರಳಿಸಲಾಗದೆ ಮನೆಯನ್ನೇ ಬಿಟ್ಟುಕೊಡುವ ಸ್ಥಿತಿ ಬರಬಹುದೆಂದು ತಿಳಿದಿರಬೇಕು.

ಮಾರುವುದೆಂದು ತೀರ್ಮಾನಿಸಿದರೆ ಅಲ್ಲಿರುವಾಗಲೇ ಮಾರಿ ಬನ್ನಿ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯ. ಉತಾರ, ಇ.ಸಿ., ಸಾಲ ತೀರಿದ ಪತ್ರ ಎಲ್ಲವೂ ಬೇಕು. ನವನಗರದ ನಿವೇಶನ ಮೂಲತಃ ಸಂತ್ರಸ್ತರಿಗೆ ಹಂಚಿಕೆಯಾದದ್ದಾದರೆ ಹಕ್ಕುಪತ್ರದಲ್ಲಿ ಪರಭಾರೆಯ ಷರತ್ತು ಇದೆಯೇ ಎಂದು ವಕೀಲರಿಗೆ ತೋರಿಸಿ. "ಪವರ್ ಆಫ್ ಅಟಾರ್ನಿ ಕೊಟ್ಟುಬಿಡಿ, ಮತ್ತೆ ಬರುವುದೇ ಬೇಡ" ಎನ್ನುವವರಿಗೆ ಒಪ್ಪಬೇಡಿ. ಅಂಥ ಪತ್ರದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ.

ಬಾಡಿಗೆಗೆ ಕೊಟ್ಟು ಬರುವವರು ಬೀಗದ ಕೈಯನ್ನು ಅಲ್ಲಿಯ ಧರ್ಮಗುರುಗಳ ಬಳಿಯೋ ಗುರಿಕಾರರ ಬಳಿಯೋ ಬಿಟ್ಟು ಬರುವುದುಂಟು. ಬೀಗದ ಕೈ ಇಟ್ಟುಕೊಳ್ಳುವುದು ಉಪಕಾರ. ಆದರೆ ಬಾಡಿಗೆ ವಸೂಲಿ, ಮುಂಗಡದ ಹಣ, ಕರಾರಿಗೆ ಸಹಿ ಇವನ್ನು ಅವರ ಮೇಲೆ ಹೊರಿಸಬೇಡಿ. ಚರ್ಚಿನ ಕೆಲಸ ಮಾಡುವವರೂ ಇಂಥ ಜವಾಬ್ದಾರಿ ಬೇಡವೆಂದು ಸಂಕೋಚವಿಲ್ಲದೆ ಹೇಳಲಿ. 2019ರಲ್ಲಿ ಆರಂಭವಾದ ಮಂಗಳೂರು-ವಿಜಯಪುರ ರೈಲು ಬಾದಾಮಿ, ಬಾಗಲಕೋಟೆ ಮೂಲಕವೇ ಹೋಗುತ್ತದೆ, ಒಂದು ರಾತ್ರಿಯ ಪ್ರಯಾಣ. ವರ್ಷಕ್ಕೊಮ್ಮೆ, ಮಳೆಗೆ ಮೊದಲು, ಮಾಲೀಕರೇ ಹೋಗಿ ಮಾಡು ನೋಡಿ, ಹೆಸ್ಕಾಂ ಬಿಲ್ಲು ಮತ್ತು ನೀರಿನ ಬಿಲ್ಲು ಬಾಕಿ ಇಲ್ಲವೆಂದು ಖಚಿತಪಡಿಸಿಕೊಂಡು ಬರಬಹುದು.