ಬಿಚ್ಚುವ ಜಡೆ, ಬಿಗಿಯುವ ಆಲೂಗಡ್ಡೆ

ಐರ್ಲೆಂಡಿನ ಕಾರ್ಕ್ ನಗರದಲ್ಲಿ ನರ್ಸ್ ಆಗಿರುವ, ಮಂಗಳೂರು ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಭಾನುವಾರ ರಾತ್ರಿ ಮನೆಮಂದಿಗೆಲ್ಲ ಅವರು ಬೀಫ್-ಆಲೂಗಡ್ಡೆ ಕ್ಯಾಸರೋಲ್ ಮಾಡುತ್ತಾರಂತೆ. ಪಕ್ಕದ ಮನೆಯ ಐರಿಷ್ ಅಜ್ಜಿ ಕಲಿಸಿಕೊಟ್ಟದ್ದು. ‘ಓವನ್‌ನಲ್ಲಿ ಮೂರು ಗಂಟೆ ಬೇಯಿಸಿದರೂ ಆಲೂಗಡ್ಡೆ ಹೋಳು ಹೋಳಾಗಿಯೇ ಉಳಿಯುತ್ತದೆ, ಮಾಂಸ ಮಾತ್ರ ಚಮಚ ತಾಗಿದರೆ ಸಾಕು, ಎಳೆಎಳೆಯಾಗಿ ಬಿಡುತ್ತದೆ. ಊರಿಂದ ಬಂದ ಅತ್ತೆ ಅದನ್ನೇ ಕುಕ್ಕರಿನಲ್ಲಿ ಮಾಡಿದರು. ಅರ್ಧ ಗಂಟೆಗೆ ಆಲೂಗಡ್ಡೆ ಕರಗಿ ಗಂಜಿಯಾಗಿತ್ತು. ಮೂರು ಗಂಟೆ ತಾಳಿಕೊಳ್ಳುವ ಗಡ್ಡೆ ಅರ್ಧ ಗಂಟೆ ಯಾಕೆ ತಾಳಿಕೊಳ್ಳುವುದಿಲ್ಲ?’

ಈ ಪತ್ರ ಓದಿದ ದಿನ ನನಗೆ ಬೇರೆ ಕೆಲಸ ಕೈಗೆ ಹತ್ತಲಿಲ್ಲ.

ಮೊದಲು ಹೆಸರಿನ ಗೊಂದಲ ಕಳೆಯೋಣ. ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಯುರೋಪಿನಲ್ಲಿ ಅದು ಒಲೆಯೊಳಗೆ ಇಡುವ, ಮುಚ್ಚಳವಿರುವ ದಪ್ಪ ಪಾತ್ರೆ. ಅದರಲ್ಲಿ ಬೆಂದ ಅಡುಗೆಗೂ ಅದೇ ಹೆಸರು ಅಂಟಿಕೊಂಡಿತು. ದಪ್ಪ ತಳದ ಎರಕದ ಕಬ್ಬಿಣದ ಪಾತ್ರೆ ಸಾಮಾನ್ಯ ಮನೆಗಳಿಗೂ ಎಟುಕುವಂತಾದದ್ದರಲ್ಲಿ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿಯ ಪಾಲು ದೊಡ್ಡದು. ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರೆಯುವ ವಿಧಾನಕ್ಕೆ ಆತ 1707ರಲ್ಲಿ ಪೇಟೆಂಟ್ ಪಡೆದ. ನನ್ನ ಮಟ್ಟಿಗೆ ಇದು ಪಾತ್ರೆಯಲ್ಲ, ಯಂತ್ರ. ಓವನ್ನಿನ ಗಾಳಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೂ ಒಳಗೆ ನೀರಿರುವಷ್ಟು ಹೊತ್ತು ಸಾರಿನ ಬಿಸಿ 100 ದಾಟುವುದಿಲ್ಲ. ಏರಿದ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಕೆಳಗೇ ಬೀಳುತ್ತದೆ. ಬಿಸಿ ನಿಧಾನವಾಗಿ ಏರಿ, ಏರಿದ ಮೇಲೆ ಅಲ್ಲೇ ನಿಲ್ಲುತ್ತದೆ. ಆ ‘ನಿಧಾನ’ ಅನ್ನುವುದರಲ್ಲೇ ಪ್ರಶ್ನೆಗೆ ಉತ್ತರವಿದೆ.

ಮಾಂಸದ ಕಥೆ ಮೊದಲು. ಕ್ಯಾಸರೋಲ್‌ಗೆ ಬಳಸುವುದು ದನದ ಕಾಲಿನ, ಭುಜದ ಮಾಂಸ. ದಿನವಿಡೀ ನಡೆದು, ಭಾರ ಹೊತ್ತ ಭಾಗ. ಅದರ ಸ್ನಾಯುವಿನ ಎಳೆಗಳನ್ನು ಕಟ್ಟಿ ಹಿಡಿದಿರುವ ನಾರು ಕೊಲಾಜೆನ್ ಎಂಬ ಪ್ರೋಟೀನು. ಈ ಕೊಲಾಜೆನ್ ಹೇಗಿದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಪಕ್ಕದ ಮದ್ರಾಸಿನಲ್ಲಿದ್ದರು ಎಂಬುದನ್ನು ನಾನು ಪ್ರತಿಸಲವೂ ಹೆಮ್ಮೆಯಿಂದ ಹೇಳುತ್ತೇನೆ. ಜಿ. ಎನ್. ರಾಮಚಂದ್ರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಕೈಕೆಳಗೆ ಪಳಗಿದವರು, 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದಾಗ ವಯಸ್ಸು ಮೂವತ್ತರ ಆಸುಪಾಸು. ಅಲ್ಲಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ ಕೊಲಾಜೆನ್ ರಚನೆ ಇನ್ನೂ ಒಗಟಾಗಿಯೇ ಉಳಿದಿದೆ ಎಂದು ಮಾತಿನ ನಡುವೆ ಹೇಳಿದರು. ನೆರೆಯಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಚರ್ಮವೆಂದರೆ ಕೊಲಾಜೆನ್ನೇ ತಾನೆ? ಅಲ್ಲಿಂದ ಸಿಕ್ಕಿತು, ಕಾಂಗರೂವಿನ ಬಾಲದ ಸ್ನಾಯುರಜ್ಜು! ಅದರ ಮೂಲಕ ಕ್ಷಕಿರಣ ಹಾಯಿಸಿ, ಬಿದ್ದ ಚುಕ್ಕಿಗಳನ್ನು ಓದಿ, ಗೋಪಿನಾಥ ಕರ್ತಾ ಅವರೊಂದಿಗೆ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ್ದು ಮೂರೆಳೆಯ ರಚನೆಯನ್ನು. ಮರುವರ್ಷ ಅದನ್ನು ತಿದ್ದಿ, ಮೂರೂ ಎಳೆಗಳು ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಎಂದರು. ನಮ್ಮ ಹೆಣ್ಣುಮಕ್ಕಳ ಜಡೆಯನ್ನು ನೆನೆದುಕೊಳ್ಳಿ. ಪ್ರತಿ ಎಳೆಯಲ್ಲೂ ಮೂರಕ್ಕೊಂದು ಮಣಿ ಗ್ಲೈಸಿನ್ ಎಂಬ ಅತಿ ಪುಟ್ಟ ಅಮೈನೋ ಆಮ್ಲ. ಹೊಸೆದ ಎಳೆಗಳ ನಡುವಿನ ಇಕ್ಕಟ್ಟಿನಲ್ಲಿ ಅದಕ್ಕಿಂತ ದೊಡ್ಡದು ಹಿಡಿಸುವುದೇ ಇಲ್ಲ. ಇದೇ ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು.

ಕ್ಯಾಸರೋಲ್ ಮಾಡುವುದೆಂದರೆ ಆ ಜಡೆಯನ್ನು ಬಿಚ್ಚುವುದು. 60 ಡಿಗ್ರಿ ದಾಟುವಾಗ ನಾರು ಸೆಟೆದು ಕುಗ್ಗಿ, ಒದ್ದೆ ಬಟ್ಟೆ ಹಿಂಡಿದಂತೆ ಮಾಂಸದ ನೀರನ್ನು ಹಿಂಡುತ್ತದೆ. ಅದಕ್ಕೇ ಒಂದು ಗಂಟೆಗೆ ತೆಗೆದು ರುಚಿ ನೋಡಿದವರಿಗೆ ರಬ್ಬರು ಅಗಿದಂತಾಗುವುದು, ‘ಮುದಿ ದನದ ಮಾಂಸ ಕೊಟ್ಟುಬಿಟ್ಟ’ ಎಂದು ಅಂಗಡಿಯವನನ್ನು ಬೈಯುವುದು. ತಾಳಬೇಕು. 70 ದಾಟಿದ ಮೇಲೆ ಗಂಟೆಗಟ್ಟಲೆ ಬಿಸಿ ತಿಂದು ಜಡೆ ಬಿಚ್ಚಿಕೊಂಡು ಜೆಲಟಿನ್ ಆಗಿ ಸಾರಿಗಿಳಿಯುತ್ತದೆ; ಎಳೆಗಳನ್ನು ಕಟ್ಟಿದ್ದ ದಾರವೇ ಹೋದ ಮೇಲೆ ಮಾಂಸ ಬಿಡಿಸಿಕೊಳ್ಳದೆ ಇನ್ನೇನು ಮಾಡೀತು? ತುಟಿಗೆ ತುಟಿ ಅಂಟಿದಂತಾಗುವ ಆ ಗಟ್ಟಿ ಸಾರು ಜೆಲಟಿನ್ನಿನ ಕೊಡುಗೆ.

ಇಲ್ಲಿ ಒಂದು ಮಾತು ಗದರಿಸಿಯೇ ಹೇಳಬೇಕು. ಕಾಲು ಸೂಪು ಕುಡಿದರೆ ಅದರ ಅಂಟು ನೇರ ಮಂಡಿಗೆ ಹೋಗಿ ಕೂರುತ್ತದೆ ಎಂದು ನಂಬಿಸಿ ದುಡ್ಡು ಮಾಡುವವರಿದ್ದಾರೆ. ಸೂಪು ಚೆನ್ನಾಗಿರುತ್ತದೆ, ಕುಡಿಯಿರಿ. ಆದರೆ ಹೊಟ್ಟೆಗೆ ಬಿದ್ದ ಜೆಲಟಿನ್ ಬೇಳೆಯ ಪ್ರೋಟೀನಿನ ಹಾಗೆಯೇ ಚೂರುಚೂರಾಗುತ್ತದೆ. ಮಂಡಿ ನೋವಿಗೆ ವೈದ್ಯರ ಹತ್ತಿರ ಹೋಗಿ. ಹಾಗೆಯೇ, ಮಾಂಸವನ್ನು ಮೊದಲು ಹುರಿದರೆ ರಸಕ್ಕೆ ಬೀಗ ಬೀಳುತ್ತದೆ ಎಂಬ ಮಾತು. 19ನೇ ಶತಮಾನದ ನಡುವಿನಲ್ಲಿ ದೊಡ್ಡ ರಸಾಯನ ವಿಜ್ಞಾನಿ ಯುಸ್ಟುಸ್ ಫೋನ್ ಲೀಬಿಗ್ ಹಬ್ಬಿಸಿದ ತಪ್ಪು ಅದು, ಇವತ್ತಿಗೂ ಅಡುಗೆ ಪುಸ್ತಕಗಳಲ್ಲಿದೆ. ಬಾಣಲೆ ಚುರ್ ಎನ್ನುವುದೇ ನೀರು ಹೊರಬರುತ್ತಿರುವುದರಿಂದ. ಹುರಿಯುವುದು ಘಮಕ್ಕಾಗಿ, ಬೀಗಕ್ಕಾಗಿ ಅಲ್ಲ.

ಇನ್ನು ಆಲೂಗಡ್ಡೆ. ಅದರ ಜೀವಕೋಶಗಳನ್ನು ಇಟ್ಟಿಗೆ ಎಂದುಕೊಂಡರೆ ನಡುವಿನ ಗಾರೆ ಪೆಕ್ಟಿನ್. ಕುದಿಯುವ ಬಿಸಿಗೆ ಗಾರೆ ಕರಗಿ ಇಟ್ಟಿಗೆ ಕಳಚಿಕೊಳ್ಳುತ್ತದೆ. ಆದರೆ ಗಡ್ಡೆಯೊಳಗೆ ಒಂದು ಕಿಣ್ವವಿದೆ. 55ರಿಂದ 65 ಡಿಗ್ರಿಯ ಆಸುಪಾಸಿನಲ್ಲಿ ಅದು ಎಚ್ಚೆತ್ತು ಪೆಕ್ಟಿನ್‌ನ ಕೊಂಡಿಗಳನ್ನು ತೆರೆಯುತ್ತದೆ. ಗಡ್ಡೆಯಲ್ಲೇ ಇರುವ ಕ್ಯಾಲ್ಸಿಯಂ ಅಲ್ಲಿಗೆ ಬಂದು ಎರಡೆರಡು ಎಳೆಗಳನ್ನು ಬೆಸೆಯುತ್ತದೆ. ಗಾರೆ ಸಿಮೆಂಟಾಗುತ್ತದೆ! ಬಿಸಿ ಇನ್ನೂ ಏರಿದರೆ ಕಿಣ್ವ ಸಾಯುತ್ತದೆ, ಬೆಸುಗೆ ಮಾತ್ರ ಉಳಿಯುತ್ತದೆ. ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಹೋಳು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಿಧಾನವಾಗಿ ಕಾಯುವ ಕಬ್ಬಿಣದ ಪಾತ್ರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯ ಕೊಡುತ್ತದೆ. ಕುಕ್ಕರ್ ಆ ಹಂತವನ್ನು ಕೆಲವೇ ನಿಮಿಷದಲ್ಲಿ ಹಾರಿ, 120 ಡಿಗ್ರಿಯ ಹತ್ತಿರ ಹೋಗಿ ನಿಲ್ಲುತ್ತದೆ. ಬೆಸೆಯದ ಗಾರೆ ಆ ಬಿಸಿಗೆ ನಿಲ್ಲುವುದುಂಟೆ? ಐರಿಷ್ ಅಜ್ಜಿ ಹಾಕುವ ಟೊಮೆಟೊ ಕೂಡ ಗಡ್ಡೆಯ ಪರವೇ. ಹುಳಿಯಲ್ಲಿ ಪೆಕ್ಟಿನ್ ಬೇಗ ಕರಗುವುದಿಲ್ಲ. ತರಕಾರಿ ಬೆಂದ ಮೇಲೆಯೇ ಹುಣಸೆ ರಸ ಹಾಕು ಎಂದು ನಮ್ಮಮ್ಮ ಹೇಳುತ್ತಿದ್ದುದು ಇದೇ ರಸಾಯನಶಾಸ್ತ್ರ.

ಬರೆಯುವ ಮೊದಲು ಕಣ್ಣಾರೆ ನೋಡಬೇಕೆನಿಸಿತು. 60 ಡಿಗ್ರಿಯ ನೀರನ್ನು ಅರ್ಧ ಗಂಟೆ ಹಾಗೇ ಹಿಡಿದಿಡುವುದು ಹೇಗೆ? ನಮ್ಮ ಚಪಾತಿ ಕ್ಯಾಸರೋಲ್ ಇದೆಯಲ್ಲ! ಮೂರು ಲೋಟ ಕುದಿಯುವ ನೀರಿಗೆ ಎರಡು ಲೋಟ ನಲ್ಲಿ ನೀರು ಬೆರೆಸಿ, ಒಂದು ಹಾಸನದ ಆಲೂಗಡ್ಡೆಯನ್ನು ದಪ್ಪ ಹೋಳು ಮಾಡಿ ಹಾಕಿ ಮುಚ್ಚಿಟ್ಟೆ. ಅರ್ಧ ಗಂಟೆಯ ನಂತರ ಅವನ್ನೂ, ಹಾಗೇ ಹೆಚ್ಚಿದ ಹೋಳುಗಳನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಒಟ್ಟಿಗೆ ಕುದಿಸಿದೆ. ನಲವತ್ತು ನಿಮಿಷಕ್ಕೆ ಹಸಿ ಹೋಳುಗಳ ಅಂಚು ಕರಗಿ ನೀರು ಬಿಳಿಯಾಗಿತ್ತು. ಡಬ್ಬಿಯಲ್ಲಿ ನೆನೆದವುಗಳ ಮೂಲೆ ಮೂಲೆ ಹರಿತವಾಗಿಯೇ ಇತ್ತು, ಕಚ್ಚಿದರೆ ಒಳಗೆ ಬೆಂದಿತ್ತು. ಮನೆಯವರನ್ನೆಲ್ಲ ಅಡುಗೆಮನೆಗೆ ಕರೆದು ತೋರಿಸಿದೆ.

ಹಾಗಾಗಿ ಕಾರ್ಕ್‌ನ ಅಕ್ಕನಿಗೆ ನನ್ನ ಉತ್ತರ: ಅತ್ತೆಯವರ ಕುಕ್ಕರ್ ಬೇಡವೆನ್ನಬೇಡಿ. ಮಾಂಸವನ್ನು, ಈರುಳ್ಳಿ, ಕ್ಯಾರೆಟ್ಟಿನೊಂದಿಗೆ ಅದರಲ್ಲೇ ಬೇಯಿಸಲಿ, ಜಡೆ ಬೇಗ ಬಿಚ್ಚುತ್ತದೆ. ಅಷ್ಟು ಹೊತ್ತು ಆಲೂಗಡ್ಡೆ ಹೋಳುಗಳು ಬಿಸಿನೀರಿನ ಡಬ್ಬಿಯಲ್ಲಿರಲಿ. ಆವಿ ಇಳಿದ ಮೇಲೆ ಮುಚ್ಚಳ ತೆಗೆದು ಹೋಳು, ಟೊಮೆಟೊ ಹಾಕಿ ವೆಯ್ಟ್ ಇಲ್ಲದೆ ಸಣ್ಣ ಉರಿಯಲ್ಲಿ ಬೇಯಿಸಿ. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಮಕ್ಕಳಿಗೆ ತೋರಿಸಿ: ಸಾರು ಹಲ್ವದಂತೆ ಅಲುಗಾಡುತ್ತಿರುತ್ತದೆ. ಬಿಚ್ಚಿಹೋದ ಎಳೆಗಳು ತಣ್ಣಗಾಗುತ್ತಿದ್ದಂತೆ ಮತ್ತೆ ಮೂರು ಮೂರಾಗಿ ಹೊಸೆದುಕೊಳ್ಳಲು ಹೋಗಿ, ಪೂರ್ತಿ ಜಡೆಯಾಗದೆ, ಅಲ್ಲಲ್ಲಿ ಗಂಟಾಗಿ ನೀರನ್ನು ಹಿಡಿದು ನಿಂತಿರುತ್ತವೆ.